ಸಿಟ್ಟಿದ್ದರೆ ಬೇಯದ ತಮಾಲೆ

ವಾಟ್ಸನ್‌ವಿಲ್, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 14, 2003

ತಿಲಾ ಅಕ್ಕನಿಗೆ,

ಕ್ಷೇಮ ಎಂದು ಬರೆದು ಪತ್ರ ಶುರು ಮಾಡುವುದು ನಮ್ಮ ಮನೆಯ ರೂಢಿ. ಈ ಸಲ ಆ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಬೇಸಿಗೆಯಲ್ಲಿ ಸ್ಟ್ರಾಬೆರಿ ಹೊಲದಿಂದ ಬಂದು ಸ್ನಾನ ಮಾಡುವಾಗ ಎಡ ಮೊಲೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಡಾಕ್ಟರು ಕ್ಯಾನ್ಸರ್ ಎಂದರು. ಕಳೆದ ತಿಂಗಳು ಅದನ್ನು ತೆಗೆದುಹಾಕಿದರು. ಈಗ ಔಷಧಿಯನ್ನು ಹನಿಹನಿಯಾಗಿ ರಕ್ತಕ್ಕೆ ಬಿಡುತ್ತಿದ್ದಾರೆ. ಜಡೆಯೆಲ್ಲ ಉದುರಿಹೋಯಿತು. ಗಾಬರಿಯಾಗಬೇಡ ಎಂದು ಹೇಳುವುದಿಲ್ಲ, ನಾನೇ ಗಾಬರಿಯಾಗಿದ್ದೆ. ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದೀಯ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ.

ಅಮ್ಮನಿಗೆ ಮಾತ್ರ ಹೇಳಬೇಡ. ಚಿಕ್ಕಮ್ಮ ಇದೇ ರೋಗದಿಂದ ಹೋದಾಗ ಅಮ್ಮ ಒಲೆ ಹಚ್ಚದೆ ಕುಳಿತಿದ್ದು ನಿನಗೂ ನೆನಪಿದೆ. ಅವಳ ಲೆಕ್ಕದಲ್ಲಿ ಈ ರೋಗಕ್ಕೂ ಶವಪೆಟ್ಟಿಗೆಗೂ ವ್ಯತ್ಯಾಸವಿಲ್ಲ. ನನ್ನ ಕೂದಲು ಬೆಳೆಯಲಿ, ಆಮೇಲೆ ಎದುರಿಗೇ ನಿಂತು ಹೇಳುತ್ತೇನೆ. ಫೋನ್ ಮಾಡದಿರುವುದೂ ಇದಕ್ಕೇ. ನಮ್ಮೂರ ಫೋನ್ ಅಂಗಡಿಯವನು ಮೈಕಿನಲ್ಲಿ ಹೆಸರು ಕೂಗಿ ಕರೆದು, ಆಮೇಲೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ. ಬೆಳಿಗ್ಗೆ ಆಡಿದ ಮಾತು ಸಂಜೆಗೆ ಪಾದ್ರಿಯ ಕಿವಿಯಲ್ಲಿರುತ್ತದೆ. ಇಲ್ಲಿಂದ ಊರಿಗೆ ಸಾಮಾನು, ಪತ್ರ ಸಾಗಿಸುವ ಚೆಂಚೋನ ವ್ಯಾನೇ ವಾಸಿ, ತಡವಾದರೂ ಬಾಯಿ ಇಲ್ಲ.

ಇನ್ನು ಒಳ್ಳೆಯ ಸುದ್ದಿ. ನನ್ನ ಮನೆಗೆ ಗುರುವಾರ ಗುರುವಾರ ಒಬ್ಬಳು ಬರುತ್ತಾಳೆ, ಕೂಕಾ ಅಂತ. ಹಾಲಿಸ್ಕೊದವಳು, ಇಲ್ಲೇ ಹಣ್ಣಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಅವಳಿಗೂ ಹಿಂದೆ ಇದೇ ರೋಗ ಬಂದು ವಾಸಿಯಾಗಿದೆ. ನಮ್ಮ ಭಾಷೆಯ ಹೆಂಗಸರಿಗಾಗಿ ಇಲ್ಲೊಂದು ಗುಂಪಿದೆ. ವಾಸಿಯಾದವರೇ ತರಬೇತಿ ಪಡೆದು ಹೊಸಬರಿಗೆ ಜೊತೆಗಾತಿಯರಾಗುತ್ತಾರೆ. ಅವಳು ತರಬೇತಿಯ ಫೈಲು ಬಿಚ್ಚಿ ಓದುತ್ತಾಳೆ, ಇಬ್ಬರೂ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಉಸಿರಾಡುತ್ತೇವೆ. ಹೆದರಿಕೆ ಬಂದರೆ ಅದನ್ನು ಕೂರಿಸಿ, "ನೀನು ಹೇಳೋದು ನಿಜಾನಾ?" ಎಂದು ಕೇಳಬೇಕಂತೆ. ಮೊದಲ ದಿನ ನನಗೆ ನಗು ಬಂತು. ಎರಡನೆಯ ಗುರುವಾರ ಅತ್ತೆ. ಈಗ ಬುಧವಾರದಿಂದಲೇ ಬಾಗಿಲು ನೋಡುತ್ತಿರುತ್ತೇನೆ.

ಅಮ್ಮ ಕೇಳಿದ್ದ ಫೋಟೋ ಇಟ್ಟಿದ್ದೇನೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೇನೆ, ಏನಾದರೂ ನೆಪ ಹೇಳು. ಪತ್ರವನ್ನು ಒಬ್ಬಳೇ ಓದಿಕೋ.

ಈಗ ಹೇಳುತ್ತೇನೆ, ನಾನು ಕ್ಷೇಮ.

ಎಲೋಡಿಯಾ


ಲಾ ನೊಪಾಲೆರಾ, ಮಿಚೊವಾಕಾನ್
ಅಕ್ಟೋಬರ್ 9, 2003

ಎಲೋಡಿಯಾ,

ನಿನ್ನ ಪತ್ರ ಓದಿ ಕೋಳಿಗೂಡಿನ ಹಿಂದೆ ಕುಳಿತು ಅತ್ತೆ. ಆದರೆ ಅಳುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕಾಯಿತು. ಒಬ್ಬಳೇ ಓದಿಕೋ ಅನ್ನುತ್ತೀಯಲ್ಲ, ಈ ಮನೆ ಮರೆತುಹೋಯಿತೇ? ಚೆಂಚೋ ಲಕೋಟೆಯನ್ನು ನೇರವಾಗಿ ಅಮ್ಮನ ಕೈಗೇ ಕೊಟ್ಟ. ಅವಳು ಅದನ್ನು ಮೂಸಿ ನೋಡಿ ನನ್ನ ಮಡಿಲಿಗೆ ಹಾಕಿದಳು.

"ಓದೇ. ಗಟ್ಯಾಗಿ ಓದು. ಮನಸ್ಸಲ್ಲೇ ಓದ್ಕೊಂಡ್ರೆ ನನಗೇನು ಬಂತು?"

ನಾನು ಏನು ಮಾಡಲಿ? ಓದುವಾಗ ಡಾಕ್ಟರನ್ನು ಹಾರಿಸಿದೆ, ಆಸ್ಪತ್ರೆಯನ್ನು ಹಾರಿಸಿದೆ, ಕೂದಲನ್ನು ಹಾರಿಸಿದೆ. ಉಳಿದದ್ದು ಗುರುವಾರ ಬರುವ ಹೆಂಗಸು, ಅವಳ ಫೈಲು, ಕಣ್ಣು ಮುಚ್ಚುವುದು, ಉಸಿರಾಡುವುದು, ಅಳುವುದು. ಅಷ್ಟರಲ್ಲಿ ಲಕೋಟೆಯಿಂದ ನಿನ್ನ ಫೋಟೋ ಜಾರಿ ಬಿತ್ತು. ಹುಬ್ಬಿನವರೆಗೆ ತಲೆಬಟ್ಟೆ, ಕಾಲಿನವರೆಗೆ ಲಂಗ.

ಅಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಅಯ್ಯೋ ನನ್ ಕರ್ಮವೇ! ಅಲೆಲೂಯಾದವ್ರ ಜೊತೆ ಸೇರ್ಕೊಂಡವ್ಳೆ!"

ನಿಜ ಹೇಳಬೇಕೆಂದರೆ ನನಗೆ ಜೀವ ಬಂದಂತಾಯಿತು. ಮನೆಮನೆಗೆ ಪುಸ್ತಕ ಹಿಡಿದು ಹೋಗುವ, ನಮ್ಮ ಸಂತರನ್ನು ಒಪ್ಪದ ಅವರ ಮೇಲೆ ಅಮ್ಮನಿಗೆ ಮೊದಲಿನಿಂದಲೂ ಕೋಪ. ಇದಕ್ಕಿಂತ ಒಳ್ಳೆಯ ಸುಳ್ಳನ್ನು ನಾನು ಹೊಸೆಯುವುದು ಸಾಧ್ಯವಿರಲಿಲ್ಲ. "ಹೂಂ ಅಮ್ಮಾ, ಹಾಗೇ ಕಾಣುತ್ತೆ" ಎಂದುಬಿಟ್ಟೆ. ಈಗ ಅವಳು ಪಕ್ಕದಲ್ಲೇ ಕುಳಿತು ಬರೆಸುತ್ತಿದ್ದಾಳೆ. ಬರಿ ಅಂದಿದ್ದನ್ನು ಬರೆಯುತ್ತೇನೆ.

"ಎಲೋಡಿಯಾ, ಗ್ವಾದಲೂಪೆ ಮಾತೆ ನಿನಗೇನು ಕಮ್ಮಿ ಮಾಡಿದ್ಲೇ? ಉಸಿರಾಡೋದನ್ನ ಕಲಿಯೋಕೆ ಮೇಷ್ಟ್ರು ಬೇಕಾ? ನೀನು ಹುಟ್ಟಿದ ದಿನದಿಂದ ಉಸಿರಾಡ್ತಾನೇ ಇದೀಯ, ನಾನು ನೋಡಿದೀನಿ. ಆ ಗುರುವಾರದವಳು ಬಂದ್ರೆ ಬಾಗಿಲು ಹಾಕು. ನನ್ನ ತಮಾಲೆ ಕಡುಬಿನ ಪಾತ್ರೆ ನಿನಗೆ ಅಂದಿದ್ನಲ್ಲ, ಅದು ಈಗ ತಿಲಾಗೆ."

ಪಾತ್ರೆ ನನಗೆ ಬೇಡ, ಇಟ್ಟುಕೋ. ನೀನು ಉಳಿದರೆ ಸಾಕು.

ತಿಲಾ


ವಾಟ್ಸನ್‌ವಿಲ್
ನವೆಂಬರ್ 3, 2003

ತಿಲಾ ಅಕ್ಕ,

ನಿನ್ನ ಪತ್ರವನ್ನು ಕೂಕಾಗೆ ಓದಿ ಹೇಳಿದೆ. ಅವಳು ನಕ್ಕ ರಭಸಕ್ಕೆ ಕಾಫಿ ಮೂಗಿಗೆ ಹತ್ತಿತು. "ಇಷ್ಟು ವರ್ಷದಲ್ಲಿ ನನ್ನನ್ನ ನರ್ಸ್ ಅಂದಿದಾರೆ, ಇನ್ಶೂರೆನ್ಸ್ ಮಾರೋಳು ಅಂದಿದಾರೆ. ಧರ್ಮಪ್ರಚಾರಕಿ ಅಂದಿದ್ದು ನಿಮ್ಮಮ್ಮನೇ ಮೊದಲು!" ಅಂದಳು. ಈಗ ಬಾಗಿಲು ತಟ್ಟಿ "ಅಲೆಲೂಯಾ!" ಎಂದು ಕೂಗಿಯೇ ಒಳಗೆ ಬರುವುದು. ಗುಂಪಿನಲ್ಲಿ ನಿಜವಾಗಿ ಆ ಸಭೆಗೆ ಸೇರಿದವಳೊಬ್ಬಳಿದ್ದಾಳೆ, ಪ್ಲಾಸಿಡಾ. ಅವಳು ಮಾತ್ರ, "ನಿಮ್ಮಮ್ಮನಿಗೆ ನನ್ನ ವಿಳಾಸ ಕೊಡು, ನಾನೇ ಉತ್ತರ ಬರೀತೀನಿ" ಎಂದು ಹೆದರಿಸುತ್ತಾಳೆ.

ಹೋದ ವಾರದ ಪಾಠ ಕೇಳು. ಕಣ್ಣು ಮುಚ್ಚಿ ಮನಸ್ಸಿಗೆ ಶಾಂತಿ ಕೊಡುವ ಜಾಗವನ್ನು ನೆನೆಯಬೇಕು. ಫೈಲಿನಲ್ಲಿ ಸಮುದ್ರ ತೀರ ಎಂದಿದೆ. ನನಗೆ ಸಮುದ್ರ ಎಂದರೆ ಹೊಲದ ಕಡೆಯಿಂದ ಬರುವ ಚಳಿಗಾಳಿ, ಸೊಂಟನೋವು. ಬೇರೆ ಯಾವುದಾದರೂ ಜಾಗ ಹೇಳು ಎಂದಳು. ಅಮ್ಮನ ಅಡುಗೆಮನೆ ಎಂದೆ.

"ಸರಿ. ಅಲ್ಲಿ ಏನು ಕೇಳಿಸ್ತಿದೆ?"

"ಅಮ್ಮ ಬೈತಿದಾಳೆ."

"ಯಾರಿಗೆ?"

"ಎಲ್ರಿಗೂ."

"ಇದು ಶಾಂತಿ ಕೊಡೋ ಜಾಗನಾ, ಎಲೋಡಿಯಾ?"

"ಹೂಂ. ಅವಳು ಬೈತಿದ್ರೇನೆ ನನಗೆ ನಿದ್ದೆ ಬರೋದು."

ಕೂಕಾ ಫೈಲನ್ನು ಮಡಿಚಿಟ್ಟಳು. ಅವತ್ತು ಅಲ್ಲೇ ಇದ್ದೆವು, ಅಮ್ಮನ ಒಲೆಯ ಪಕ್ಕ, ತುಂಬ ಹೊತ್ತು. ಔಷಧಿಯ ದಿನ ವಾಂತಿ ಬರುವಾಗಲೂ ಈಗ ಅಲ್ಲಿಗೇ ಹೋಗುತ್ತೇನೆ. ಅದಕ್ಕೇ ಹೇಳುತ್ತೇನೆ ಅಕ್ಕ, ಅಮ್ಮ ಬೈದದ್ದನ್ನೆಲ್ಲ ಒಂದಕ್ಷರ ಬಿಡದೆ ಬರಿ. ನನಗೆ ಅದೂ ಔಷಧಿಯೇ. ನಾನು ಅಲೆಲೂಯಾದವಳಾಗಿಯೇ ಇರುತ್ತೇನೆ.

ಒಂದು ವಿಷಯ ಮಾತ್ರ ಚುಚ್ಚುತ್ತದೆ. ಸಿಟ್ಟನ್ನಾಗಲಿ ಹೆದರಿಕೆಯನ್ನಾಗಲಿ ನುಂಗಬೇಡಿ, ಹೆಸರು ಹೇಳಿ ಹೊರಗಿಡಿ ಎಂದು ಕೂಕಾ ಹೇಳುತ್ತಾಳೆ. ನಾನು ಎಲ್ಲರ ಎದುರು ಹೆಸರು ಹೇಳಿಯಾಯಿತು. ಅಮ್ಮನೊಬ್ಬಳು ಉಳಿದಿದ್ದಾಳೆ.

ಎಲೋಡಿಯಾ


ಲಾ ನೊಪಾಲೆರಾ
ಡಿಸೆಂಬರ್ 16, 2003

ಎಲೋಡಿಯಾ,

ತಡವಾಯಿತು, ಚೆಂಚೋನ ವ್ಯಾನ್ ಕೆಟ್ಟು ನಿಂತಿತ್ತು. ಈ ಸಲ ಸುದ್ದಿ ಬಹಳ ಇದೆ.

ನಿನ್ನ ಪತ್ರವನ್ನು ಅಮ್ಮ ಎರಡು ಸಲ ಓದಿಸಿದಳು. ಸಂಜೆ ಒಂದು ಸಲ. ಮರುದಿನ ಜೋಳದ ಕಾಳು ಬಿಡಿಸುತ್ತಾ, "ಇನ್ನೊಂದ್ ಸಲ ಓದು, ನೆನ್ನೆ ಕಿವಿ ಸರಿಯಿರ್ಲಿಲ್ಲ" ಎಂದಳು. ಓದಿದೆ. ಅವಳು ಬೈಯದಿದ್ದುದಕ್ಕೆ ನನಗೇ ಭಯವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಇದ್ದಕ್ಕಿದ್ದಂತೆ ಹೇಳಿದಳು, "ಬೆಟ್ಟದ ಮಾತೆಗೆ ನಡ್ಕೊಂಡು ಬರ್ತೀನಿ ಅಂತ ಹರಕೆ ಹೊತ್ತಿದೀನಿ."

"ಈ ವಯಸ್ಸಲ್ಲಾ? ಯಾಕಮ್ಮಾ?"

"ಮಗಳು ದಾರಿ ತಪ್ಪವ್ಳೆ, ಅದಕ್ಕೆ. ನಿನಗೇನು ಕಷ್ಟ, ನಡೆಯೋದು ನನ್ ಕಾಲು."

ನಾನೂ ಬರುತ್ತೇನೆ ಎಂದರೆ ಬೇಡವೆಂದಳು. ಪಕ್ಕದ ಮನೆಯವಳನ್ನು ಕರೆದುಕೊಂಡು ಹೋದಳು. ಆ ಗುಡಿ ನಿನಗೆ ನೆನಪಿದೆಯಲ್ಲ? ಗೋಡೆಯ ತುಂಬ ಹರಕೆಯ ಬೆಳ್ಳಿ ತುಂಡುಗಳು, ಕಾಲು ನೋವಿದ್ದವರು ಕಾಲು, ದೃಷ್ಟಿ ಹೋದವರು ಕಣ್ಣು. ಚಿಕ್ಕವರಿದ್ದಾಗ ನೀನು ಬೆಳ್ಳಿ ಕತ್ತೆಯನ್ನು ಕದಿಯಲು ಹೋಗಿ ಏಟು ತಿಂದಿದ್ದೆ. ಅಮ್ಮ ಪಾದದಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದಳು. ಆದರೆ ಮುಖ ನೋಡಬೇಕಿತ್ತು, ಜಗಳದಲ್ಲಿ ಗೆದ್ದು ಬಂದವಳ ಹಾಗಿತ್ತು. ಬಂದವಳೇ ನಿನಗೆ ಬರೆಸಿದಳು:

"ಎಲೋಡಿಯಾ, ಆ ಗುರುವಾರದವಳನ್ನ ಇನ್ನೂ ಒಳಗೆ ಬಿಟ್ಕೋತಿದೀಯಾ? ಬಿಟ್ಕೊಂಡ್ರೆ ಅವಳಿಗೆ ಬರೀ ಕಾಫಿ ಕೊಟ್ಟು ಕಳಿಸ್ಬೇಡ, ಏನಾದ್ರೂ ತಿನ್ನೋಕೆ ಕೊಡು. ಶತ್ರು ಆದ್ರೂ ಹಸ್ಕೊಂಡು ಹೋಗ್ಬಾರ್ದು."

ನಾನೂ ಪಟ್ಟಣದ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬಂದೆ. ಚಿಕ್ಕಮ್ಮ, ಈಗ ನೀನು, ನನಗೂ ಭಯವಾಗಿತ್ತು. ಏನೂ ಇಲ್ಲವಂತೆ. ಅಮ್ಮನಿಗೆ ಹಲ್ಲುನೋವು ಎಂದು ಹೇಳಿದ್ದೆ, ನಂಬಿದಳು.

ತಿಲಾ


ವಾಟ್ಸನ್‌ವಿಲ್
ಜನವರಿ 8, 2004

ಅಕ್ಕಾ, ಅಕ್ಕಾ,

ಗೊಂಬೆ ನನಗೆ ಬಂತು!

ಮೊನ್ನೆ ಮೂವರು ರಾಜರ ಹಬ್ಬಕ್ಕೆ ಗುಂಪಿನಲ್ಲಿ ಗೊಂಬೆ ಬಚ್ಚಿಟ್ಟು ಬೇಯಿಸಿದ ಉಂಗುರದ ರೊಟ್ಟಿ ಕತ್ತರಿಸಿದೆವು. ಎಲ್ಲರೂ ಚಾಕುವನ್ನು ಹೇಗೆ ಹಿಡಿಯುತ್ತಿದ್ದರು ಗೊತ್ತೇ, ಬಾಂಬು ಬಿಚ್ಚುವವರ ಹಾಗೆ. ಒಬ್ಬಳಂತೂ ಗೊಂಬೆ ಸಿಕ್ಕರೂ ನುಂಗಿಬಿಡುತ್ತೇನೆಯೇ ಹೊರತು ಹೇಳುವುದಿಲ್ಲ ಎಂದಳು. ನಾನು ಕಣ್ಣು ಮುಚ್ಚಿ ಕತ್ತರಿಸಿದೆ. ಬಾಲಯೇಸು ಗೊಂಬೆ ನನ್ನ ತುಂಡಿನಿಂದ ತಲೆ ಹೊರಗೆ ಹಾಕಿದ. ಅಂದರೆ ಫೆಬ್ರವರಿ ಎರಡರ ಹಬ್ಬಕ್ಕೆ ಇಡೀ ಗುಂಪಿಗೆ ನಾನೇ ಜೋಳದ ಸಿಪ್ಪೆಯಲ್ಲಿ ಹಿಟ್ಟು ಸುತ್ತಿ, ಹಬೆಯಲ್ಲಿ ತಮಾಲೆ ಬೇಯಿಸಿ ಬಡಿಸಬೇಕು. ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಪ್ಲಾಸಿಡಾ ಓಡಿ ಬಂದು ನನ್ನ ನಾಡಿ ನೋಡಿದಳು. ಮುಂದಿನ ತಿಂಗಳು ಇಂಥ ದಿನ ನೀನು ಇದನ್ನು ಮಾಡಬೇಕು ಎಂದು ಯಾರಾದರೂ ನನಗೆ ಹೇಳಿ ಎಷ್ಟು ಕಾಲವಾಗಿತ್ತು. ಡಾಕ್ಟರರ ದಿನಗಳನ್ನು ಬಿಟ್ಟರೆ ನನ್ನ ಕ್ಯಾಲೆಂಡರಿನಲ್ಲಿ ಏನೂ ಇರಲಿಲ್ಲ.

ಔಷಧಿ ಮುಗಿಯಿತು. ತಲೆಯ ಮೇಲೆ ಮರಿಕೋಳಿಯ ಹಾಗೆ ನವಿರು ಬಂದಿದೆ. ನನ್ನ ಗಂಡ ಅಬುಂದಿಯೊ ದಿನಾ ಬೆಳಿಗ್ಗೆ ಅದರ ಮೇಲೆ ಕೈಯಾಡಿಸಿ "ಬೆಳೆ ಚೆನ್ನಾಗಿದೆ" ಎನ್ನುತ್ತಾನೆ. ತೊಂದರೆ ಒಂದೇ. ಕಂಕುಳಿನಿಂದಲೂ ಗಂಟುಗಳನ್ನು ತೆಗೆದಿರುವುದರಿಂದ ಆ ಕೈಗೆ ಬಾವು ಬರುತ್ತದೆ, ಅಷ್ಟೊಂದು ಹಿಟ್ಟು ನಾದಲಾರೆ.

ಅಮ್ಮನಿಂದ ಅಳತೆ ಕೇಳಿ ಬರೆ. ರೊಟ್ಟಿಯಲ್ಲಿ ಗೊಂಬೆ ಬಂತು ಎಂದು ಓದು. ಅಲೆಲೂಯಾದವರು ಗೊಂಬೆಯ ರೊಟ್ಟಿ ಕತ್ತರಿಸುವುದಿಲ್ಲ ಎಂಬುದು ಅವಳಿಗೇ ಗೊತ್ತು. ಸ್ವಲ್ಪ ಸಮಾಧಾನವಾಗಲಿ.

ಎಲೋಡಿಯಾ


ಲಾ ನೊಪಾಲೆರಾ
ಜನವರಿ 21, 2004

ಎಲೋಡಿಯಾ,

ಈ ಪತ್ರದ ಜೊತೆ ಪಾತ್ರೆಯೂ ಬರುತ್ತಿದೆ. ಹೌದು, ಅದೇ ಪಾತ್ರೆ. ಅಮ್ಮ ತಾನೇ ಉಜ್ಜಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಚೆಂಚೋಗೆ ಕೊಟ್ಟಳು. "ಇದಕ್ಕೆ ಒಂದು ತಗ್ಗು ಬಿದ್ರೂ ನಿನ್ ತಲೆಗೆ ಎರಡು ಬೀಳುತ್ತೆ" ಎಂದು ಅವನಿಗೆ ಹೇಳಿದ್ದಾಳೆ. ನನಗಂತೂ ಅರ್ಥವಾಗಲಿಲ್ಲ. ಅಕ್ಟೋಬರಿನಲ್ಲಿ ಅದು ನನ್ನದಾಗಿತ್ತು.

ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಹಿಟ್ಟು ಚಿಟಿಕೆ ತಗೊಂಡು ನೀರಿಗೆ ಹಾಕು. ತೇಲೋವರೆಗೂ ನಾದ್ಬೇಕು. ಆದ್ರೆ ನೀನು ನಾದ್ಬೇಡ, ಬೇರೆಯವ್ರ ಕೈಲಿ ನಾದಿಸು. ಅಲೆಲೂಯಾದವಳ ಕೈ ತಾಗಿದ್ರೆ ಹಿಟ್ಟು ಉಬ್ಬಲ್ಲ. ತಳದಲ್ಲಿ ನಾಣ್ಯ ಹಾಕಿ, ಮೇಲಿನ ಜಾಲರಿ ತಟ್ಟೇನ ತಂತಿಲಿ ಬಿಗಿದಿದೀನಿ, ಬೇಯೋವರೆಗೂ ಬಿಚ್ಚೋಕೆ ಹೋಗ್ಬೇಡ. ನೀರಿರೋವರೆಗೂ ಗಲಗಲ ಅನ್ನುತ್ತೆ, ಸದ್ದು ನಿಂತ್ರೆ ನೀರು ಹಾಕು. ಪಾತ್ರೆ ಕಿವಿಗೆ ಜೋಳದ ಸಿಪ್ಪೆ ಕಟ್ಟು. ಸಿಟ್ಟಿರೋರು ಯಾರೂ ಹತ್ರ ಬರಬಾರ್ದು, ಬಂದ್ರೆ ಬೇಯಲ್ಲ. ಬೇಯದಿದ್ರೆ ಸಿಟ್ಟಿರೋರು ಪಾತ್ರೆ ಮುಂದೆ ಕುಣೀಬೇಕು ಅಂತ ನಿನಗೆ ಗೊತ್ತು."

ಆಶ್ಚರ್ಯ ಏನೆಂದರೆ, ನಿನ್ನ ಕೈಯ ವಿಷಯವನ್ನು ನಾನು ಓದಿಯೇ ಇರಲಿಲ್ಲ. ಅವಳ ಹಠವೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ, ನೋಡು.

ತಿಲಾ


ವಾಟ್ಸನ್‌ವಿಲ್
ಫೆಬ್ರವರಿ 4, 2004

ತಿಲಾ ಅಕ್ಕ,

ನೀನು ಹೇಳಿದೆಯಾ? ನಿಜ ಹೇಳು. ಮೊದಲು ನಡೆದದ್ದನ್ನು ಕೇಳು.

ಗುಂಪು ಸೇರುವ ಸಭಾಂಗಣದ ಅಡುಗೆಮನೆಯಲ್ಲಿ ಎಲ್ಲರೂ ಸರದಿಯ ಮೇಲೆ ಹಿಟ್ಟು ನಾದಿದರು. ಯಾರ ಯಾವ ಕೈ ಗಟ್ಟಿಯಿದೆಯೋ ಆ ಕೈಯಲ್ಲಿ. ನಾನು ಸ್ಟೂಲಿನ ಮೇಲೆ ಕುಳಿತು ಅಮ್ಮನ ಹಾಗೆ ಬೈಯುತ್ತಿದ್ದೆ. ಹಿಟ್ಟು ತೇಲಿತು, ಚಪ್ಪಾಳೆ ತಟ್ಟಿದೆವು. ಪಾತ್ರೆ ಒಲೆಯ ಮೇಲೇರಿತು, ತಳದಲ್ಲಿ ಗಲಗಲ ಶುರುವಾಯಿತು. ಆ ಸದ್ದಿಗೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಉಸಿರಾಡು ಎಂದು ಯಾರೂ ಹೇಳಬೇಕಾಗಲಿಲ್ಲ.

ಆದರೆ ಬೇಯಲೇ ಇಲ್ಲ. ಬೇಯಬೇಕಾದ ಹೊತ್ತು ಕಳೆಯಿತು, ಅದರ ಮೇಲೆ ಇನ್ನಷ್ಟು ಹೊತ್ತೂ ಕಳೆಯಿತು. ಸಿಪ್ಪೆ ಬಿಚ್ಚಿದರೆ ಒಳಗೆ ಹಸಿ ಹಿಟ್ಟು. ಅಬುಂದಿಯೊ ಇಣುಕಿ, "ಗ್ಯಾಸ್ ಸಣ್ಣಗಿರಬೇಕು ಕಣ್ರೇ" ಎಂದ. ಎಲ್ಲರೂ ಸೇರಿ ಅವನನ್ನು ಹೊರಗೆ ತಳ್ಳಿದರು. ಗ್ಯಾಸಂತೆ!

ಕೂಕಾ ಸೌಟು ಎತ್ತಿ ಹಿಡಿದಳು. "ಯಾರಿಗ್ರೇ ಸಿಟ್ಟಿರೋದು? ಒಬ್ಬೊಬ್ರೇ ಬಂದು ಪಾತ್ರೆಗೆ ಹೇಳಿ, ಕುಣಿದು ಹೋಗಿ."

ಒಬ್ಬಳು ಅತ್ತೆಯ ಮೇಲಿನ ಸಿಟ್ಟು ಹೇಳಿದಳು, "ನನ್ನ ತಟ್ಟೆ ಲೋಟ ಬೇರೆ ಇಟ್ಟವ್ಳೆ, ಅಂಟುರೋಗವಂತೆ!" ಎಂದು ಕುಣಿದಳು. ಇನ್ನೊಬ್ಬಳಿಗೆ ದುಭಾಷಿಯ ಮೇಲೆ ಕೋಪ, ಡಾಕ್ಟರು ಉದ್ದಕ್ಕೆ ಮಾತಾಡಿದರೂ "ಎಲ್ಲ ಸರಿಯಿದೆ" ಎಂದಷ್ಟೇ ಹೇಳಿದನಂತೆ. ಕುಣಿಯುವುದು ತಮ್ಮ ಸಭೆಯಲ್ಲಿ ಸಲ್ಲದು ಎಂದು ಪ್ಲಾಸಿಡಾ ಪಾತ್ರೆಗೆ ಒಂದು ಸ್ತೋತ್ರ ಹಾಡಿದಳು, ಆದರೆ ಅವಳ ಸೊಂಟ ಸುಮ್ಮನಿರಲಿಲ್ಲ. ಕೂಕಾ ಕೂಡ ಹೇಳಿದಳು, "ನನಗೆ ರೋಗ ಬಂದಾಗ ಇಂಥ ಒಬ್ಬ ಕೂಕಾ ಇರಲಿಲ್ಲ. ಅದಕ್ಕೆ ಸಿಟ್ಟು." ನಕ್ಕು ನಕ್ಕು ಕೆಲವರ ತಲೆಬಟ್ಟೆ ಜಾರಿತು, ಯಾರೂ ಎತ್ತಿಕೊಳ್ಳಲಿಲ್ಲ. ಆದರೂ ಬೇಯಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಯಾರ ಮೇಲೂ ಸಿಟ್ಟಿಲ್ಲ ಎಂದೆ. ಕೂಕಾ ಸೌಟನ್ನು ನನ್ನ ಕೈಗಿಟ್ಟಳು. ಆಗ ಪಾತ್ರೆಯ ಮುಂದೆ ನಿಂತೆ ಅಕ್ಕ. ಕಿವಿಗೆ ಕಟ್ಟಿದ ಸಿಪ್ಪೆ, ಮಸಿ ಹಿಡಿದ ತಳ, ಅಮ್ಮನ ಎದುರೇ ನಿಂತ ಹಾಗಾಯಿತು. "ಅಮ್ಮಾ, ನನಗೆ ನನ್ನ ಮೇಲೇ ಸಿಟ್ಟು. ನನಗೆ ಕ್ಯಾನ್ಸರ್ ಬಂದಿತ್ತು. ನಿನಗೆ ಹೇಳಲಿಲ್ಲ. ನೀನು ಹೆದರ್ತೀಯ ಅಂತ ಅಂದ್ಕೊಂಡೆ, ಆದ್ರೆ ಹೆದರಿದ್ದು ನಾನು" ಎಂದುಬಿಟ್ಟೆ. ಗಟ್ಟಿಯಾಗಿ ಅತ್ತೆ. ಆಮೇಲೆ ಕುಣಿದೆ. ಎಲ್ಲರೂ ಕುಣಿದರು.

ನಂಬಿದರೆ ನಂಬು, ಬಿಟ್ಟರೆ ಬಿಡು, ಬೆಂದವು. ಒಂದೂ ಉಳಿಯಲಿಲ್ಲ. ಪ್ಲಾಸಿಡಾ ಮನೆಗೂ ಕಟ್ಟಿಕೊಂಡು ಹೋದಳು.

ಪಾತ್ರೆ ತೊಳೆಯಲೆಂದು ತಂತಿ ಬಿಚ್ಚಿ ತಟ್ಟೆ ಎತ್ತಿದೆ. ನಾಣ್ಯ ಇತ್ತು. ಅದರ ಪಕ್ಕದಲ್ಲಿ ಇನ್ನೊಂದಿತ್ತು, ಹೆಬ್ಬೆರಳಿನ ಉಗುರಿನಷ್ಟು. ಅಷ್ಟು ಹೊತ್ತೂ ಗಲಗಲ ಅಂದದ್ದು ಎರಡೂ ಸೇರಿ. ತೊಳೆದು ಬೆಳಕಿಗೆ ಹಿಡಿದೆ. ಹರಕೆಯ ಬೆಳ್ಳಿ. ಕಾಲಲ್ಲ, ಕಣ್ಣಲ್ಲ. ಮೊಲೆ.

ಸಿಂಕಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟೆ. ಅಕ್ಕ, ಅಮ್ಮನಿಗೆ ಹೇಳಿದವರು ಯಾರು?

ಎಲೋಡಿಯಾ


ಲಾ ನೊಪಾಲೆರಾ
ಫೆಬ್ರವರಿ 25, 2004

ಎಲೋಡಿಯಾ,

ಇದನ್ನ ಬರೀತಿರೋದು ಚೆಂಚೋ, ಹೇಳ್ತಿರೋದು ನಿಮ್ಮಮ್ಮ. ನಿನ್ ಪತ್ರಾನೂ ಈ ಸಲ ಇವನ ಕೈಲೇ ಓದಿಸ್ದೆ. ನಿಮ್ಮಕ್ಕನ್ನ ಗಿರಣಿಗೆ ಕಳಿಸಿದೀನಿ, ಪಾಪ, ಅವಳಿಗೂ ಒಂದು ದಿನ ರಜೆ ಬೇಡ್ವಾ ಸುಳ್ಳು ಹೇಳೋದ್ರಿಂದ.

ಅವಳು ನನಗೆ ಹೇಳ್ಲಿಲ್ಲ. (ನಾನೂ ಹೇಳಿಲ್ಲ ಎಲೋಡಿಯಮ್ಮಾ, ಆಣೆಗೂ. ಚೆಂಚೋ.) ನನಗೆ ಅಕ್ಷರ ಬರಲ್ಲ, ಕಿವಿ ಬರುತ್ತೆ. ನವೆಂಬರ್ ಪತ್ರಾನ ಎರಡು ಸಲ ಓದಿಸ್ದೆ. ಮೊದಲ್ನೇ ಸಲ ನೀನು ಗುರುವಾರದವಳ ಜೊತೆ ಪ್ರಾರ್ಥನೆಗೆ ಹೋಗಿದ್ದೆ. ಎರಡನೇ ಸಲ ಅದೇ ಪತ್ರದಲ್ಲಿ ಸಮುದ್ರ ನೋಡೋಕೆ ಹೋಗಿದ್ದೆ. ಕಾಗದದ ಮೇಲೆ ಬರೆದದ್ದು ರಾತ್ರಿ ಬೆಳಗಾಗೋದ್ರಲ್ಲಿ ಹೆಂಗೆ ಬದಲಾಗುತ್ತೆ? ಓದೋವಾಗ ಅವಳ ಕೈ ನೋಡ್ದೆ. ಒಂದ್ ಸಲ ಕುಪ್ಪಸದ ಈ ಕಡೆ ಮುಟ್ಕೊಂಡ್ಲು, ಒಂದ್ ಸಲ ಆ ಕಡೆ. ನನ್ ತಂಗಿ ಹಾಸಿಗೆ ಪಕ್ಕ ಕೂತೋಳು ನಾನು. ಆಮೇಲೆ ಇವಳು ಹಲ್ಲುನೋವು ಅಂತ ಪಟ್ಟಣಕ್ಕೆ ಹೋಗಿ, ಬಂದ ದಿನಾನೇ ಇಡೀ ಕಬ್ಬು ಕಡಿದು ತಿಂದ್ಲು. ನಾನು ಮುದುಕಿ, ಪೆದ್ದಿ ಅಲ್ಲ.

ಅವತ್ತು ಸಾಯೋಷ್ಟು ಹೆದರ್ದೆ. ಆಮೇಲೆ ಯೋಚನೆ ಮಾಡ್ದೆ. ನನ್ ತಂಗಿ ಹತ್ರ ಯಾರೂ ಆ ರೋಗದ ಹೆಸರೇ ಎತ್ತಲಿಲ್ಲ. ನಾನು ಬರೀ ಪಕ್ಕದಲ್ಲಿ ಕೂತಿದ್ದೆ, ಯಾರೂ ಅವಳ ಜೊತೇಲಿ ಉಸಿರಾಡಲಿಲ್ಲ. ಅವಳು ಗೋಡೆ ಕಡೆ ತಿರುಗಿ ಒಬ್ಬಳೇ ಹೋದ್ಲು. ನಿನ್ ಮನೆಗೆ ಒಬ್ಬಳು ಬರ್ತಿದಾಳೆ, ನೀನು ನಗ್ತಿದೀಯ ಅಂತ ಸುಳ್ಳಿನ ಸಂದೀಲೂ ನನಗೆ ಕೇಳಿಸ್ತಿತ್ತು. ನಾನು ಬೈಯೋದು ನಿಂಗೆ ಇಷ್ಟ ಅಂತ ಗೊತ್ತಿತ್ತು. ಅದಕ್ಕೇ ಬೈದೆ. ಅಳ್ತಾ ಬರೆಸಿದ್ರೆ ನಿಂಗೆ ಏನು ಸಿಕ್ತಿತ್ತು?

ಬೆಟ್ಟದ ಅಂಗಡೀಲಿ ಎರಡು ತಗೊಂಡೆ. ಒಂದು ಮಾತೆ ಗೋಡೆಗೆ, ಒಂದು ನಿಂಗೆ. ಹರಕೆ ತೀರಿತು ಅಂತ ಪಾತ್ರೆಗೆ ಹಾಕ್ದೆ, ನೀನು ತೊಳೆಯೋವಾಗ ಸಿಗಲಿ ಅಂತ. ಗುರುವಾರದವಳಿಗೆ ನಾನಂದಿದ್ದೆಲ್ಲ ವಾಪಸ್ ತಗೊಂಡೆ ಅಂತ ಹೇಳು. ಆ ಹಾಡು ಹೇಳ್ದೋಳಿಗೂ ಹೇಳು. ಇನ್ನು ತಲೆಬಟ್ಟೆ ತೆಗೆದು ಒಂದು ಫೋಟೋ ಕಳಿಸು, ನಿಮ್ಮಕ್ಕ ಜನವರಿ ಪತ್ರ ಓದೋವಾಗ ಬಾಯ್ತಪ್ಪಿ ಅಂದ ಆ ಮರಿಕೋಳಿ ನೋಡ್ಬೇಕು ನಾನು.

ಚೆಂಚೋ ಹೊರಡ್ಬೇಕಂತೆ. ಒಂದು ಬಾಕಿ ಇದೆ. ಯಾವ ಕಡೇದು ಅಂತ ನಂಗಿನ್ನೂ ಯಾರೂ ಹೇಳಿಲ್ಲ. ದಿನಾ ಮಾತೆ ಮುಂದೆ ಎಡಕ್ಕೂ ಕೇಳ್ಕೋತೀನಿ, ಬಲಕ್ಕೂ ಕೇಳ್ಕೋತೀನಿ. ಅವಳಿಗೂ ಗೊಂದಲ ಆಗಿರುತ್ತೆ. ಎಡನೋ ಬಲನೋ ಬರಿ. ಆ ಪತ್ರಾನ ನಿಮ್ಮಕ್ಕನೇ ಓದಲಿ. ಗಟ್ಯಾಗಿ.

ನಿಮ್ಮಮ್ಮ